ದವಡೆಯ ಮುಯ್ಯಿ

ಡಾಕ್ಟರ್ ವಿಶ್ವಂಭರ ಅವರ ಹೆಸರನ್ನು ಲೋಕ ಹತ್ತು ಸಾವಿರ ಸಲ ಹೇಳಿತು. ಅದಕ್ಕಾಗಿ ಗೀತಮ್ಮ ಹದಿನಾರು ಕಕ್ಕಸು ತೊಳೆದಳು.

ದಿನಾ ತೊಳೆಯುವ ಕಕ್ಕಸುಗಳೇ. ಆದರೆ ಆ ವಾರ ಎರಡೆರಡು ಸಲ ತೊಳೆಯಬೇಕೆಂದು ಸೂಪರ್‌ವೈಸರ್ ಮರುಳಪ್ಪ ಹೇಳಿದ್ದ. ಹೊರದೇಶದಿಂದ ಅತಿಥಿಗಳು ಬರುತ್ತಾರೆ, ಅವರ ಮೂಗು ಬಲು ಸೂಕ್ಷ್ಮ ಎಂದಿದ್ದ. ಗೀತಮ್ಮನ ಮೂಗಿನ ಬಗ್ಗೆ ಅವನು ಏನೂ ಹೇಳಲಿಲ್ಲ. ಆಸಿಡ್ಡಿನ ಘಾಟಿಗೆ ಅದು ಎಂದೋ ಸತ್ತಿತ್ತು. ಬೆರಳ ಸಂದುಗಳು ಬೇಸಿಗೆಯ ಕೆರೆಯಂತೆ ಬಿರಿದಿದ್ದವು. ಆ ಹದಿನಾರರಲ್ಲಿ ಒಂದಕ್ಕೂ ಅವಳು ಹೋಗುವಂತಿರಲಿಲ್ಲ. ಗುತ್ತಿಗೆ ಹೆಂಗಸರು ಗೋಡೆಯ ಆಚೆ ಹುಲ್ಲುಗಾವಲಿನ ಜಾಲಿ ಗಿಡಗಳ ಮರೆಗೆ ಹೋಗಬೇಕು. ಗೇಟಿನಲ್ಲಿ ಹೋಗುವಾಗ ಒಂದು ಹೆಬ್ಬೆಟ್ಟು, ಬರುವಾಗ ಒಂದು ಹೆಬ್ಬೆಟ್ಟು.

ಕಾಂಪೌಂಡು ಅಂದರೆ ಆ ಕಡೆ ಎಲ್ಲರಿಗೂ ಗೊತ್ತು. ಚಳ್ಳಕೆರೆ ಕಡೆಯ ದೊಡ್ಡಉಳ್ಳಾರ್ತಿಯ ಆಚೆ, ಕುರಿ ಮೇಯುವ ಕಾವಲಿಗೆ ಒಂದಾದ ಮೇಲೊಂದು ಗೋಡೆ ಬಂದವು. ಅವುಗಳಲ್ಲಿ ತೀರ ಸಣ್ಣದು ಇದು, ಯಾವುದೋ ಟ್ರಸ್ಟಿನವರು ಕಟ್ಟಿಸಿದ ಕ್ಯಾನ್ಸರ್ ಸಂಶೋಧನಾ ಕೇಂದ್ರ. ಬೋರ್ಡಿನ ಮೇಲೆ ಉದ್ದನೆಯ ಹೆಸರಿತ್ತು. ಅದನ್ನು ಕೊನೆಯವರೆಗೆ ಓದಿದವರು ಗೀತಮ್ಮನ ಕೇರಿಯಲ್ಲಿ ಯಾರೂ ಇರಲಿಲ್ಲ. ಗೀತಮ್ಮನ ಗಂಡ ಕೆಂಚಣ್ಣ ಆ ಜಾಗದಲ್ಲಿ ಕುರಿ ಮೇಯಿಸುತ್ತಿದ್ದ. ಗೋಡೆ ಬಂದ ಮೇಲೆ ಕುರಿ ಮಾರಿ ಬಾಡಿಗೆ ಆಟೋ ಹಿಡಿದ. ಗೀತಮ್ಮ ಗೋಡೆಯ ಒಳಗೆ ಪೊರಕೆ ಹಿಡಿದಳು. ಈ ಸೀಮೆಗೆ ಉದ್ಯೋಗ ಬಂತು ಎಂದು ಆಗ ಪೇಪರಿನವರು ಬರೆದರು. ಅದು ಸುಳ್ಳೇನಲ್ಲ.

ಹತ್ತು ಸಾವಿರದ ವಿಷಯ ಹೇಳಿದವನು ಪ್ರಭು. ಅದೇ ಕೇರಿಯವನು, ಗೀತಮ್ಮನನ್ನು ಅತ್ತೆ ಎನ್ನುವವನು. ಹಗಲು ಕೂಲಿ ಮಾಡಿ, ಚಳ್ಳಕೆರೆಯಲ್ಲಿ ಸಂಜೆ ಕಾಲೇಜಿಗೆ ಹೋಗಿ ಬಿ.ಎ. ಮುಗಿಸಿದ್ದ. ಕಾಂಪೌಂಡಿನಲ್ಲಿ ಫೀಲ್ಡ್ ಅಸಿಸ್ಟೆಂಟ್. ಇವತ್ತು ಖಾಯಂ ಆದೀತು, ನಾಳೆ ಆದೀತು ಎಂದು ಕಾಯುತ್ತಿದ್ದ. ಯಾರಾದರೂ ಗದರಿದರೆ, ತನ್ನದು ಏನು ತಪ್ಪಾಯಿತು ಎಂದು ಮೊದಲು ಹುಡುಕುವ ಸ್ವಭಾವ.

ಅವನು ಏಣಿ ಹತ್ತಿ ಕಾರಿಡಾರಿನಲ್ಲಿ ಬ್ಯಾನರ್ ಕಟ್ಟುತ್ತಿದ್ದ. ಕೆಳಗೆ ಗೀತಮ್ಮ ನೆಲ ಒರೆಸುತ್ತಿದ್ದಳು. ಬ್ಯಾನರಿನ ತುಂಬ ಸೊನ್ನೆಗಳಿದ್ದವು. ಏನು ಅದು ಎಂದು ಕೇಳಿದಳು. ಡಾಕ್ಟರು ರೋಗದ ಬಗ್ಗೆ ಲೇಖನ ಬರೆಯುತ್ತಾರೆ, ಬೇರೆ ದೇಶದ ಡಾಕ್ಟರುಗಳು ತಮ್ಮ ಲೇಖನ ಬರೆಯುವಾಗ ಇವರ ಹೆಸರು ಹೇಳುತ್ತಾರೆ, ಹಾಗೆ ಹೇಳಿದ್ದೆಲ್ಲ ಲೆಕ್ಕಕ್ಕೆ ಬರುತ್ತದೆ, ಅದು ಹತ್ತು ಸಾವಿರ ಮುಟ್ಟಿತು, ಅದಕ್ಕೇ ಈ ಸಮಾರಂಭ ಎಂದು ಪ್ರಭು ವಿವರಿಸಿದ.

“ಅವರು ಸುಮ್ ಸುಮ್ನೆ ಯಾಕಪ್ಪ ಇವರ ಹೆಸರು ಹೇಳ್ತಾರೆ?”

ಪ್ರಭು ದಾರ ಕಚ್ಚಿಕೊಂಡೇ ಹೇಳಿದ. “ಇವರೂ ಅವರ ಹೆಸರು ಹೇಳಿರ್ತಾರಲ್ಲ ಅತ್ತೆ.”

“ಹಂಗಾರೆ ಮುಯ್ಯಿ ಅನ್ನು.”

ಪ್ರಭು ನಕ್ಕ. ಅಲ್ಲ ಎನ್ನಬೇಕಿತ್ತು. ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಕೊಂಚ ಯೋಚಿಸಿದ. ಯೋಚಿಸಿದಷ್ಟೂ ಅಲ್ಲವೋ ಹೌದೋ ಎಂದು ಅವನಿಗೇ ಅನುಮಾನ ಬಂತು. “ಹೂಂ, ಮುಯ್ಯಿ ಅಂತಲೇ ಇಟ್ಕೊ” ಎಂದ.

ಸಂಜೆಯೊಳಗೆ ಆ ಮಾತು ಕೇರಿ ತುಂಬಿತು. ಕಾಂಪೌಂಡಿನ ಡಾಕ್ಟರು ಮುಯ್ಯಿ ಎತ್ತುತ್ತಾರಂತೆ. ದೇಶದೇಶದ ಬೀಗರು ಬರುತ್ತಾರಂತೆ.

ಬೇರೆ ಊರುಗಳಲ್ಲಿ ಮದುವೆ ಮನೆಯ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದು ಮೈಕಿನಲ್ಲಿ ಓದುತ್ತಾರೆ. ಈ ಕೇರಿಯಲ್ಲಿ ಕೂಗುತ್ತಾರೆ. ಬರೆಯುವವರು ಇಲ್ಲದ ಕಾಲದಲ್ಲಿ ಬಂದ ಪದ್ಧತಿ, ಹಾಗೇ ಉಳಿಯಿತು. ಯಾರು, ಯಾವ ಊರು, ಏನು ತಂದರು. ಸೇರು ಅಕ್ಕಿಯೋ, ಕುಪ್ಪಸದ ಕಣವೋ, ಸ್ಟೀಲ್ ಚೊಂಬೋ. ಕೂಗುವವರು ಕೂಗಿದ ಮೇಲೆ ತಗೊಂಡ ಮನೆಯವರು ಎದ್ದು ನಿಂತು “ಬಂತು” ಅನ್ನಬೇಕು. ನಾಕು ಜನಕ್ಕೆ ಕೇಳುವ ಹಾಗೆ ಅನ್ನಬೇಕು. ಬಂತು ಅನ್ನುವ ತನಕ ಕೂಗುವವರು ಮುಂದಿನ ಹೆಸರಿಗೆ ಹೋಗುವಂತಿಲ್ಲ, ಯಾರೂ ಊಟಕ್ಕೆ ಏಳುವಂತಿಲ್ಲ. ಬಂತು ಅಂದ ಮೇಲೆ ಅದು ಋಣ. ಕೊಟ್ಟವರ ಮನೆಯಲ್ಲಿ ಒಳ್ಳೆಯದಾಗಲಿ ಕೆಟ್ಟದಾಗಲಿ, ತಗೊಂಡವರು ಬಂದು ನಿಲ್ಲಬೇಕು. ಬಂತು ಅನ್ನದೆ ಇಟ್ಟುಕೊಂಡ ಮುಯ್ಯಿ ಕದ್ದ ಮಾಲು.

ಆ ಕೇರಿಯ ಮುಯ್ಯಿ ಕೂಗುತ್ತಿದ್ದವಳು ಮುದ್ದಕ್ಕ, ಗೀತಮ್ಮನ ಒಡಹುಟ್ಟಿದ ಅಕ್ಕ. ಅಕ್ಕ ತಂಗಿ ಇಬ್ಬರನ್ನೂ ಒಂದೇ ಮನೆಗೆ ಕೊಟ್ಟಿದ್ದರು. ಅಕ್ಕ ಮಾತಾಡುವವಳು, ತಂಗಿ ತಲೆ ಆಡಿಸುವವಳು. ಮುದ್ದಕ್ಕ ಕೂಗಿದರೆ ಎರಡು ಹೊಲದ ಆಚೆ ಉಳುತ್ತಿದ್ದವನು ಎತ್ತು ನಿಲ್ಲಿಸುತ್ತಿದ್ದ. ಮೈಕಿನ ಕಾಲ ಬಂದ ಮೇಲೂ ಬಿ.ಜಿ. ಕೆರೆಯಿಂದ, ಪರಶುರಾಂಪುರದಿಂದ ನಂಟರು ಅವಳನ್ನೇ ಕರೆಯುತ್ತಿದ್ದರು. ಕೂಗುತ್ತಲೇ ಕಾಲೆಳೆಯುತ್ತಿದ್ದಳು. “ಗಂಡಿನ ಸೋದರಮಾವ, ಒಂದು ಚೊಂಬು, ಹೋದ ಸಲ ನಮ್ಮನೆಯಿಂದ ಹೋದದ್ದೇ” ಎಂದರೆ ಚಪ್ಪರ ನಗುತ್ತಿತ್ತು.

ಈಗ ಮುದ್ದಕ್ಕನ ಬಾಯಿ ಎರಡು ಬೆರಳಿನಷ್ಟು ತೆರೆಯುತ್ತಿತ್ತು. ಒಳಗೆ ಎಡದವಡೆಯಲ್ಲಿ ಹುಣ್ಣು. ರಾಗಿ ಅಂಬಲಿಯನ್ನು ತಲೆ ಓರೆ ಮಾಡಿ ಸುರುವಿಕೊಳ್ಳಬೇಕು. ಅರ್ಧ ಒಳಗೆ, ಅರ್ಧ ಸೆರಗಿಗೆ. ಮುದ್ದೆ ಉಣ್ಣದ ಮುದ್ದಕ್ಕ ಎಂದು ಅವಳೇ ತನ್ನನ್ನು ಆಡಿಕೊಳ್ಳುತ್ತಿದ್ದಳು. ಆ ನಗೆಯೂ ಎರಡೇ ಬೆರಳಿನಷ್ಟು.

ನಾಲ್ಕು ವರ್ಷದ ಹಿಂದೆ ಕೇರಿಗೆ ಜೀಪು ಬಂದಿತ್ತು. ಆಗ ಕಡಲೆಕಾಯಿ ಕೀಳುವ ಕಾಲ. ಬೆಳಗಾಗುತ್ತಲೇ ಸಾಲು ಹಿಡಿದು ಕೂರಬೇಕು. ಮಳೆ ಹೋದ ನೆಲ ಕಲ್ಲಾಗಿರುತ್ತದೆ. ಗಿಡ ಎಳೆದರೆ ಕಾಯಿ ಒಳಗೇ ಉಳಿಯುತ್ತದೆ, ಕಾಯಿ ಉಳಿದರೆ ಹೊಲದವನು ಬಯ್ಯುತ್ತಾನೆ. ಉಗುರಿನಿಂದ ಕೆದಕಬೇಕು. ನಡುವೆ ಉಣ್ಣಲು ಎದ್ದರೆ ಕೂಲಿಯಲ್ಲಿ ಮುರಿದುಕೊಳ್ಳುತ್ತಾನೆ. ಅದಕ್ಕೆ ಹೆಂಗಸರು ಹೊಗೆಸೊಪ್ಪಿಗೆ ಸುಣ್ಣ ತಿಕ್ಕಿ ದವಡೆಗೆ ಇಟ್ಟುಕೊಳ್ಳುತ್ತಾರೆ. ಹಸಿವು ಸಾಯುತ್ತದೆ. ಆಮೇಲೆ ಉಳಿದದ್ದೂ ಸಾಯುತ್ತದೆ.

ಜೀಪಿನಿಂದ ಇಳಿದ ಡಾಕ್ಟರ್ ವಿಶ್ವಂಭರ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಬಾಯಿಗೆ ಬ್ಯಾಟರಿ ಬಿಟ್ಟರು. “ಆ ಅನ್ನಮ್ಮ” ಎಂದರು. ದವಡೆಯಲ್ಲಿ ಬಿಳಿ ಮಚ್ಚೆ ಇದ್ದವರನ್ನು ಬೇರೆ ಕೂರಿಸಿ ಬಾಯಿಯ ಫೋಟೋ ತೆಗೆದರು. ಮಚ್ಚೆಯ ಅಂಚಿನಿಂದ ಸಣ್ಣ ಇಕ್ಕಳದಲ್ಲಿ ಮಾಂಸ ಕಿತ್ತು ಬಾಟಲಿಗೆ ಹಾಕಿದರು. ಬಾಟಲಿ ಹೊತ್ತವನು ಪ್ರಭು. ಹೆಂಗಸರು ನೆತ್ತರು ಉಗುಳುತ್ತ ಗೋಡೆಗೆ ಒರಗಿದ್ದರು. ಮುದ್ದಕ್ಕ ಮಾತ್ರ ಸೆರಗು ಒತ್ತಿಕೊಂಡೇ ಮಾತಾಡಿದ್ದಳು. “ಲೇ ಪ್ರಭು, ಇಷ್ಟರಾಗೆ ಸಾರಾಗಲ್ಲ ಅಂತ ಹೇಳೋ ನಿಮ್ ಸಾಹೇಬ್ರಿಗೆ.” ಎಲ್ಲರಿಗೂ ಒಂದು ಬ್ರಷ್ಷು, ಒಂದು ಬಾಳೆಹಣ್ಣು ಕೊಟ್ಟರು. ಆ ಬಾಯಲ್ಲಿ ಹಣ್ಣು ತಿನ್ನಲು ಆಗಲಿಲ್ಲ. ಫಲಿತಾಂಶ ಬಂದ ಮೇಲೆ ನಾವೇ ಬಂದು ಹೇಳುತ್ತೇವೆ ಎಂದರು.

ಜೀಪು ಮತ್ತೆ ಬರಲಿಲ್ಲ. ಮಾಂಸ ಮಾತ್ರ ಬಹಳ ದೂರ ಹೋಯಿತು. ಬೆಂಗಳೂರಿಗೆ, ಅಲ್ಲಿಂದ ವಿಮಾನದಲ್ಲಿ ಹೊರದೇಶಕ್ಕೆ. ಸುಣ್ಣದ ಬಗ್ಗೆ ಒಂದು ಲೇಖನವಾಯಿತು, ಸೊಪ್ಪಿನ ಬಗ್ಗೆ ಒಂದು, ಬಯಲುಸೀಮೆಯ ಹೆಂಗಸರ ಬಗ್ಗೆ ಒಂದು, ಮಚ್ಚೆಯ ಬಣ್ಣದ ಬಗ್ಗೆ ಒಂದು. ಇದನ್ನು ಪ್ರಭು ಹೇಳಿದಾಗ ಕೆಂಚಣ್ಣನಿಗೆ ಆಶ್ಚರ್ಯವಾಗಲಿಲ್ಲ. ಒಂದೇ ಕುರಿ ಕಡಿದು ಏಳು ಗುಡ್ಡೆ ಹಾಕುತ್ತಾರಲ್ಲ, ತಲೆ ಒಬ್ಬರಿಗೆ, ಕಾಲು ಒಬ್ಬರಿಗೆ, ಹಾಗೇ ಎಂದ. ಕುರಿಗೆ ಮಾತ್ರ ಪಾಲು ಇರಲ್ಲ ಎಂದೂ ಸೇರಿಸಿದ.

ಕಾಂಪೌಂಡಿನ ಕಾರಿಡಾರಿನಲ್ಲಿ ಡಾಕ್ಟರ ಲೇಖನಗಳನ್ನು ದೊಡ್ಡದು ಮಾಡಿ ಗಾಜಿನ ಕಟ್ಟು ಹಾಕಿಸಿದ್ದರು. ಎಲ್ಲಕ್ಕಿಂತ ದೊಡ್ಡ ಕಟ್ಟಿನಲ್ಲಿ ಒಂದು ಬಾಯಿ. ಅಗಲವಾಗಿ ತೆರೆದ ಬಾಯಿ, ಒಳಗೆ ಬಿಳಿ ಮಚ್ಚೆ. ಮೂಗಿನಿಂದ ಮೇಲೆ ಕತ್ತರಿಸಿದ್ದರು. ರೋಗಿಯ ಗುರುತು ಹೊರಗೆ ಬರಬಾರದು, ಅದು ನಿಯಮ. ಗೀತಮ್ಮ ಆ ಗಾಜನ್ನು ಕೆಲಸಕ್ಕೆ ಸೇರಿದಾಗಿನಿಂದ ಒರೆಸುತ್ತಿದ್ದಳು. ಕಣ್ಣು ನೆಲದ ಮೇಲೆ ಇಟ್ಟೇ ಒರೆಸುವುದು ಅಭ್ಯಾಸ. ಸಮಾರಂಭದ ವಾರ ಗಾಜು ಫಳಫಳ ಅನ್ನಬೇಕು ಎಂದು ಮರುಳಪ್ಪ ಸ್ಟೂಲಿನ ಮೇಲೆ ಹತ್ತಿಸಿದ. ಆಗ ನೋಡಿದಳು.

ಗದ್ದದ ಮೇಲೆ ಹಚ್ಚೆಯ ಮೂರು ಚುಕ್ಕಿ. ಮುಂದಿನ ಹಲ್ಲು ಅರ್ಧ ಮುರಿದಿತ್ತು. ಆ ಹಲ್ಲು ಮುರಿದ ದಿನ ಅವಳು ಪಕ್ಕದಲ್ಲೇ ಇದ್ದಳು. ಹೊಲದವನ ಎತ್ತು ತಲೆ ಬೀಸಿತ್ತು, ಹೊಲದವನು ಎತ್ತಿನ ಕೊಂಬಿಗೆ ಏನಾಯಿತೆಂದು ನೋಡಲು ಓಡಿ ಬಂದಿದ್ದ.

ಗೀತಮ್ಮ ಸ್ಟೂಲಿನ ಮೇಲೆ ನಿಂತೇ ಇದ್ದಳು. ಇಷ್ಟು ದಿನ ಅಕ್ಕನ ಬಾಯಿ ಒರೆಸುತ್ತಿದ್ದೆ ಅನ್ನಿಸಿತು. ಹಾದು ಹೋಗುತ್ತಿದ್ದ ಪ್ರಭುವನ್ನು ಕರೆದು, ಕೆಳಗೆ ಏನು ಬರೆದಿದೆ ಓದು ಎಂದಳು. ಅವನು ಇಂಗ್ಲಿಷಿನ ಸಾಲಿಗೆ ಬೆರಳಿಟ್ಟು ನಿಧಾನವಾಗಿ ಕನ್ನಡ ಮಾಡಿದ. ರೋಗದ ಮೊದಲ ಹಂತ. ಈ ಹಂತದಲ್ಲಿ ಗುರುತಿಸಿದರೆ ಬಹುತೇಕ ಗುಣವಾಗುತ್ತದೆ.

ಓದಿ ಮುಗಿಸಿದ ಮೇಲೆ ತಾನು ಏನು ಓದಿದೆ ಎಂದು ಅವನಿಗೆ ತಿಳಿಯಿತು. ತಪ್ಪು ಓದಿದೆನೇನೋ ಎಂದು ಇನ್ನೊಂದು ಸಲ ಓದಿದ. ಅದೇ ಇತ್ತು.

ಒಂದು ತಿಂಗಳ ಹಿಂದೆ ಮುದ್ದಕ್ಕನನ್ನು ಆಸ್ಪತ್ರೆಗೆ ತೋರಿಸಿದಾಗ ಅಲ್ಲಿನ ಡಾಕ್ಟರಮ್ಮ ಗೀತಮ್ಮನನ್ನೇ ಬಯ್ದಿದ್ದಳು. ಇಷ್ಟು ವರ್ಷ ಏನು ಮಾಡುತ್ತಿದ್ದಿರಿ, ಹಳ್ಳಿ ಜನಕ್ಕೆ ಬುದ್ಧಿಯೇ ಇಲ್ಲ ಎಂದಿದ್ದಳು. ಬೆಂಗಳೂರಿನಲ್ಲಿ ಆಪರೇಷನ್ ಆಗಬೇಕು, ಅಲ್ಲಿ ಹಾಸಿಗೆ ಸಿಗುವುದು ಕಷ್ಟ, ದೊಡ್ಡ ಡಾಕ್ಟರು ಯಾರಾದರೂ ಒಂದು ಮಾತು ಹೇಳಿದರೆ ಬೇಗ ಆಗುತ್ತದೆ ಎಂದೂ ಹೇಳಿದ್ದಳು. ಗೀತಮ್ಮನಿಗೆ ಗೊತ್ತಿದ್ದ ದೊಡ್ಡ ಡಾಕ್ಟರು ಒಬ್ಬರೇ. ಅವರ ಕಕ್ಕಸನ್ನು ಅವಳೇ ತೊಳೆಯುತ್ತಿದ್ದಳು.

ಆ ಮಧ್ಯಾಹ್ನ ಡಾಕ್ಟರು ಕಾರಿಡಾರಿನಲ್ಲಿ ಬರುವುದನ್ನು ಕಾದು, ಬಕೆಟ್ಟು ಪಕ್ಕಕ್ಕಿಟ್ಟು ಕೈ ಮುಗಿದಳು. ಅಕ್ಕನ ವಿಷಯ ಹೇಳಿದಳು. ಗೋಡೆಯ ಮೇಲಿನ ಬಾಯಿ ತೋರಿಸಿದಳು. ಡಾಕ್ಟರು ನಿಂತರು. ಅವರು ಕೆಟ್ಟವರಲ್ಲ. ಯಾರ ಮೇಲೂ ಕೂಗಾಡಿದವರಲ್ಲ. ಹೆಗಲು ತಟ್ಟುವಂತೆ ಕೈ ಎತ್ತಿ, ಮುಟ್ಟದೆ ಇಳಿಸಿದರು.

“ನೋಡಮ್ಮ, ನಾನು ಔಷಧಿ ಕೊಡೋ ಡಾಕ್ಟರಲ್ಲ. ಸಂಶೋಧನೆ ಮಾಡೋ ಡಾಕ್ಟರು” ಎಂದರು. ಆ ಫೋಟೋ ಯಾರದೆಂದು ತಮಗೂ ಗೊತ್ತಿಲ್ಲ, ಗೊತ್ತಿರಬಾರದು, ಅದೇ ವಿಜ್ಞಾನ ಎಂದರು. ಸಮಾರಂಭ ಮುಗಿಯಲಿ, ನೋಡೋಣ ಎಂದು ಹೋದರು. ಅವರು ಹೋದ ಮೇಲೆ ಅವರ ಹೆಜ್ಜೆಯ ಗುರುತನ್ನು ಗೀತಮ್ಮ ಒರೆಸಿದಳು. ನೆಲ ಒದ್ದೆ ಇತ್ತು.

ಮಾರನೆಯ ದಿನ ಕೇರಿಗೆ ಆಹ್ವಾನ ಬಂತು, ಪ್ರಭುವಿನ ಬಾಯಲ್ಲೇ. ನಾಲ್ಕು ವರ್ಷದ ಹಿಂದಿನ ಕ್ಯಾಂಪಿನಲ್ಲಿ ಇದ್ದ ಹೆಂಗಸರು ಸಮಾರಂಭಕ್ಕೆ ಬರಬೇಕು. ವೇದಿಕೆಯ ಮೇಲೆ ಟವೆಲ್ಲು ಹೊದಿಸಿ ಸನ್ಮಾನ. ಆಮೇಲೆ ಹೊಸ ಯೋಜನೆಯ ಉದ್ಘಾಟನೆ. ದೀಪ ಹಚ್ಚುವುದು ಹಳೆಯದಾಯಿತಂತೆ. ಡಾಕ್ಟರು ಕ್ಯಾಮೆರಾದ ಎದುರಿಗೆ ಒಬ್ಬ ಹೆಂಗಸಿನ ದವಡೆಗೆ ಹತ್ತಿ ಕಡ್ಡಿ ಹಾಕಿ ಒರೆಸಿ ಉದ್ಘಾಟನೆ ಮಾಡುತ್ತಾರಂತೆ. ಬಾಯಿ ತೆರೆದು ನಿಂತರೆ ಸಾಕು. ಇದನ್ನು ಹೇಳುವಾಗ ಪ್ರಭು ಯಾರ ಮುಖವನ್ನೂ ನೋಡಲಿಲ್ಲ.

ಯಾರೂ ಹೋಗಬೇಡಿ ಎಂದು ಗೀತಮ್ಮ ಹೇಳಬೇಕೆಂದುಕೊಂಡಳು. ಹೇಳಲು ಬರಲಿಲ್ಲ. ಅಷ್ಟರಲ್ಲಿ ಚಾಪೆಯ ಮೇಲಿಂದ ಮುದ್ದಕ್ಕ ಎದ್ದು ಕೂತಳು.

“ಮುಯ್ಯಿ ಅಂದ್ಮೇಲೆ ಕೂಗೋರು ಬೇಕಲ್ಲ” ಎಂದಳು. ಎರಡು ಬೆರಳಿನ ಸಂದಿಯಿಂದ ಆ ಮಾತು ಬರಲು ಬಹಳ ಹೊತ್ತು ಹಿಡಿಯಿತು. “ನಾವೂ ಮುಯ್ಯಿ ಇಕ್ಕೀವಿ. ಆ ಡಾಕ್ಟ್ರು ಇನ್ನೂ ಬಂತು ಅಂದಿಲ್ಲ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯರ್ರಮ್ಮ ಮೊಳಕಾಲ್ಮೂರಿನಿಂದ ಬಂದ ಸೊಸೆ, ಅರ್ಧ ತೆಲುಗು. “ನಿಜಮೇ ಕದಾ, ನಿಜಾನೇ ಅಲ್ವಾ” ಎಂದಳು.

ಸಮಾರಂಭದ ದಿನ ಶಾಮಿಯಾನ ಹಾಕಿದ್ದರು. ಅತಿಥಿಗಳ ಹೆಗಲಿಗೆ ಮೊಳಕಾಲ್ಮೂರು ರೇಷ್ಮೆ ಹೊದಿಸಿದರು. ತವರಿನಲ್ಲಿ ನೂಲು ಸುತ್ತಿ ಸುತ್ತಿ ಬೆರಳು ಸವೆಸಿದ್ದ ಯರ್ರಮ್ಮ, ದೂರದಿಂದಲೇ ನೋಡಿ ಅಸಲಿ ಮಾಲು ಎಂದಳು. ಕೇರಿಯ ಹೆಂಗಸರನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ್ದರು. ಗೀತಮ್ಮ ಅವರ ಜೊತೆ ಇರಲಿಲ್ಲ. ನೀಲಿ ಸಮವಸ್ತ್ರ ಹಾಕಿ ವೇದಿಕೆಯ ಅಂಚಿನಲ್ಲಿ ಸ್ಟೀಲ್ ಬೋಗುಣಿ ಹಿಡಿದು ನಿಲ್ಲಬೇಕಿತ್ತು. ಬಾಯಿ ಒರೆಸಿಕೊಂಡ ಹೆಂಗಸು ಉಗುಳಿದರೆ ಹಿಡಿಯಲು.

ಭಾಷಣ ಶುರುವಾಯಿತು. ಒಬ್ಬ ಅತಿಥಿ ಎದ್ದು, ತಾನು ಬರೆದ ಎಲ್ಲ ಲೇಖನಗಳಲ್ಲೂ ವಿಶ್ವಂಭರ ಅವರ ಹೆಸರು ಹೇಳಿದ್ದೇನೆ ಎಂದ. ವಿಶ್ವಂಭರ ಎದ್ದು ಕೈ ಕುಲುಕಿ, ತಾವೂ ಇವರ ಹೆಸರು ಹೇಳದೆ ಒಂದು ಪುಟ ಬರೆದವರಲ್ಲ ಎಂದರು. ಇನ್ನೊಬ್ಬ ಎದ್ದ. ಅವನದೂ ಅದೇ ಮಾತು. ಪ್ರಭು ಹಿಂದಿನ ಸಾಲಿಗೆ ಬಗ್ಗಿ ಒಂದೊಂದನ್ನೂ ಕನ್ನಡ ಮಾಡಿ ಹೇಳುತ್ತಿದ್ದ. ಹೆಂಗಸರು ತಲೆ ತೂಗಿದರು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಇವರ ಪದ್ಧತಿಯಲ್ಲಿ ಬಂತು ಅನ್ನುವ ಬದಲು ಕೈ ಕುಲುಕುತ್ತಾರೆ, ಅಷ್ಟೇ.

ಆಮೇಲೆ ನಿರೂಪಣೆಯ ಹುಡುಗಿ “ಈಗ ನಮ್ಮ ಸಮುದಾಯ” ಎಂದಳು. ಹೆಸರಿಲ್ಲ. ಹೆಂಗಸರು ಮೆಟ್ಟಿಲು ಹತ್ತಿದರು. ಮುದ್ದಕ್ಕನನ್ನು ಯರ್ರಮ್ಮ ರಟ್ಟೆ ಹಿಡಿದು ಹತ್ತಿಸಿದಳು. ಒಬ್ಬೊಬ್ಬರ ಹೆಗಲಿಗೂ ಒಂದು ಟವೆಲ್ಲು ಬಿತ್ತು. ಅವರ ಹಿಂದೆ ದೊಡ್ಡ ಪರದೆ ಇತ್ತು. ಪರದೆಯ ತುಂಬ ಮುದ್ದಕ್ಕನ ಬಾಯಿ, ನಾಲ್ಕು ವರ್ಷ ಹಳೆಯದು.

ಡಾಕ್ಟರು ಕೈಗವಸು ಹಾಕಿಕೊಂಡರು. ಕ್ಯಾಮೆರಾದವರು ಮುಂದೆ ಬಂದರು. ಸಾಲಿನ ಮೊದಲಲ್ಲಿ ಮುದ್ದಕ್ಕ ಇದ್ದಳು.

“ಆ ಅನ್ನಮ್ಮ.”

ಮುದ್ದಕ್ಕ ಎರಡು ಬೆರಳಿನಷ್ಟು ತೆರೆದಳು.

“ಇನ್ನೂ ದೊಡ್ಡದಾಗಿ.”

ಅಷ್ಟೇ ಬರುವುದು. ಹುಣ್ಣಿನ ವಾಸನೆ ಬಂದಿರಬೇಕು, ಡಾಕ್ಟರು ಮುಖ ತಿರುಗಿಸಿದರು. ಮುದ್ದಕ್ಕನ ಬೆನ್ನಿಗೆ ಆ ದೊಡ್ಡ ಬಾಯಿ ಇತ್ತು, ಮುಂದೆ ಈ ಸಣ್ಣ ಬಾಯಿ. ಗದ್ದದ ಮೇಲೆ ಎರಡು ಕಡೆಯೂ ಅವೇ ಮೂರು ಚುಕ್ಕಿ. ಅವರು ಎರಡನ್ನೂ ನೋಡಿದರು. ಎರಡೂ ಕಾಣಲಿಲ್ಲ.

“ಇದು ಬೇಡ” ಎಂದು ಪ್ರಭುವಿಗೆ ಹೇಳಿದರು. “ಬಾಯಿ ತೆಗೆಯೋಕೆ ಬರೋ ಹೆಂಗಸನ್ನ ನಿಲ್ಲಿಸಿ.”

ಕೊರಳಿಗೆ ಸಿಕ್ಕಿಸಿದ್ದ ಮೈಕು ಅದನ್ನೂ ಎಲ್ಲರಿಗೂ ಕೇಳಿಸಿತು. ಮುಂದಿನವಳು ಯರ್ರಮ್ಮ. ಡಾಕ್ಟರು ಹತ್ತಿ ಕಡ್ಡಿ ಎತ್ತಿದರು. ಯರ್ರಮ್ಮ ತುಟಿ ಬಿಗಿದಳು. ಅವಳ ಪಕ್ಕದ ತಿಪ್ಪೇರುದ್ರಮ್ಮನೂ ಬಿಗಿದಳು. ಸಾಲಿಗೆ ಸಾಲೇ ಬಿಗಿಯಿತು. ಕಡ್ಡಿ ಗಾಳಿಯಲ್ಲೇ ನಿಂತಿತು.

ಮುದ್ದಕ್ಕ ತಂಗಿಯ ಕಡೆ ತಿರುಗಿದಳು. ಗದ್ದ ಎತ್ತಿದಳು. ಕೂಗು ಅನ್ನುವ ಹಾಗೆ.

ಗೀತಮ್ಮ ಜನ್ಮದಲ್ಲಿ ಕೂಗಿದವಳಲ್ಲ. ಒಂದು ಹೆಸರು ತಪ್ಪಿದರೆ, ಒಂದು ಊರು ತಪ್ಪಿದರೆ ಎಂದು ಹೆದರಿಕೆಯಾಯಿತು. ಬೋಗುಣಿಯನ್ನು ಮೇಜಿನ ಮೇಲೆ, ಹೂಗುಚ್ಛದ ಮೇಲೇ ಇಟ್ಟಳು. ಬಂದು ಡಾಕ್ಟರ ಪಕ್ಕದಲ್ಲಿ ನಿಂತಳು. ಕೂಗುವವರು ನಿಲ್ಲುವ ಜಾಗ ಅದೇ.

“ಕೇರಿ ಮುದ್ದಕ್ಕ. ದವಡೆ ಮಾಂಸ, ಒಂದು.”

ಮೊದಲ ದನಿ ಒಡೆಯಿತು. ಡಾಕ್ಟರ ಕೊರಳ ಮೈಕು ಆ ಒಡಕನ್ನೇ ಹಿಡಿದು ಶಾಮಿಯಾನದ ತುಂಬ ಹಾಕಿತು. ಗೀತಮ್ಮ ತಡೆದು ನಿಂತಳು. ಡಾಕ್ಟರು ಬಂತು ಅನ್ನಲಿಲ್ಲ. ಅವಳು ಇನ್ನೊಂದು ಸಲ ಕೂಗಿದಳು, ಈ ಸಲ ಅಕ್ಕನ ರಾಗದಲ್ಲಿ. ಹಿಂದಿನಿಂದ ಹೆಂಗಸರು ಸೇರಿದರು.

“ಮೊಳಕಾಲ್ಮೂರು ಯರ್ರಮ್ಮ. ದವಡೆ ಮಾಂಸ, ಒಂದು.”

“ಕೇರಿ ತಿಪ್ಪೇರುದ್ರಮ್ಮ. ನಾಲಿಗೆ ಅಂಚು, ಒಂದು.”

“ಕೇರಿ ಅನ್ನಪೂರ್ಣಮ್ಮ. ದವಡೆ ಮಾಂಸ, ಒಂದು. ಹೋದ ದೀಪಾವಳಿಗೆ ಮಣ್ಣಿಗಿಟ್ವಿ.”

ಬಂತು ಇಲ್ಲದೆ ಮುಂದಿನ ಹೆಸರಿಗೆ ಹೋದದ್ದು ಪದ್ಧತಿಗೆ ತಪ್ಪು. ಆದರೆ ಹೆಸರುಗಳು ಒತ್ತರಿಸಿಕೊಂಡು ಬಂದವು.

ಮುಂದಿನ ಸಾಲಿನ ಅತಿಥಿಗಳಿಗೆ ಬಹಳ ಸಂತೋಷವಾಯಿತು. ಚಪ್ಪಾಳೆ ತಟ್ಟಿದರು. ಒಬ್ಬಳು ಕಣ್ಣು ಒರೆಸಿಕೊಂಡು ಫೋನಿನಲ್ಲಿ ಹಿಡಿದುಕೊಂ‍ಡಳು. ನಿರೂಪಣೆಯ ಹುಡುಗಿಗೆ ಉಸಿರು ಬಂತು. ಇದು ಈ ಭಾಗದ ಜಾನಪದ ಗೀತೆ, ಹಿರಿಯರಿಗೆ ಕೃತಜ್ಞತೆ ಹೇಳುವ ಹಾಡು ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. ಡಾಕ್ಟರೂ ನಕ್ಕು ಕೈ ಮುಗಿದರು.

ಗೀತಮ್ಮ ಚಪ್ಪಾಳೆ ನಿಲ್ಲುವ ತನಕ ಸುಮ್ಮನಿದ್ದಳು.

“ಇದು ಪದ ಅಲ್ಲ ಸಾರ್. ಮುಯ್ಯಿ. ನೀವು ಬಂತು ಅನ್ನಬೇಕು.”

ಊಟದ ಡೇರೆಯಿಂದ ಪಾತ್ರೆಯ ಸದ್ದು ಬರುತ್ತಿತ್ತು. ಆಗ ಮೆಟ್ಟಿಲ ಬಳಿಯಿಂದ ಒಂದು ದನಿ ಕೇಳಿತು.

“ಬಂತು.”

ಪ್ರಭು. “ಬಂತು. ಬಾಟ್ಲಿ ಹೊತ್ತೋನು ನಾನೇ” ಎಂದ. ಖಾಯಂ ನೌಕರಿ ತನ್ನ ಕಣ್ಣೆದುರೇ ಗೇಟು ದಾಟಿ ಹೋಗುವುದು ಅವನಿಗೆ ಕಂಡಿತು. ಆದರೂ ಕೂರಲಿಲ್ಲ.

ಡಾಕ್ಟರು ಗಡಿಯಾರ ನೋಡಿದರು. ಜಗಳ ಅವರಿಗೆ ಆಗಿಬರದು. “ಆಯ್ತಮ್ಮ, ಬಂತು. ಬಂತು ಅಂದೆನಲ್ಲ. ಊಟಕ್ಕೆ ಹೋಗೋಣ” ಎಂದರು.

ಅವರು ಎರಡು ಸಲ ಅಂದರು. ಒಂದೇ ಸಾಕಿತ್ತು. ಹೆಂಗಸರು ಟವೆಲ್ಲುಗಳನ್ನು ಮಡಿಸಿ ವೇದಿಕೆಯ ಮೇಲೆ ಇಟ್ಟು ಇಳಿದರು.

ನಾಳೆಯಿಂದ ಬರಬೇಡ ಎಂದು ಮರುಳಪ್ಪ ಹಿಂಬಾಗಿಲಲ್ಲೇ ಗೀತಮ್ಮನಿಗೆ ಹೇಳಿದ. ಬರುತ್ತೇನೆ ಎಂದಳು ಅವಳು. ಕೆಲಸಕ್ಕಲ್ಲ.

ಬೆಳಿಗ್ಗೆ ಕೆಂಚಣ್ಣನ ಆಟೋ ಗೇಟಿನ ಮುಂದೆ ನಿಂತಿತು. ಮುದ್ದಕ್ಕನನ್ನು ಇಳಿಸಿ ಚಾಪೆ ಹಾಸಿ ಕೂರಿಸಿದರು. ಸುತ್ತ ಹೆಂಗಸರು ಕೂತರು. ಕಾಂಪೌಂಡಿನಲ್ಲಿ ಕಸ ಹೊಡೆಯುವ, ಪಾತ್ರೆ ತೊಳೆಯುವ ಗುತ್ತಿಗೆಯವರೆಲ್ಲ ಅದೇ ಕೇರಿಯವರು. ಅವರೂ ಕೂತರು. ಅಪಾಯಿಂಟ್‌ಮೆಂಟ್ ಇದೆಯಾ ಎಂದು ಗೇಟಿನವನು ಕೇಳಿದ.

“ಅದಿಲ್ಲ. ಮುಯ್ಯಿ ಐತೆ” ಎಂದಳು ಗೀತಮ್ಮ.

ಡಾಕ್ಟರು ಬಾಯಿ ಮಾತಿಗೆ ಅಂದದ್ದನ್ನು ಹಿಡಿದುಕೊಂಡು ಕೂತಿದ್ದಾರಲ್ಲ ಎಂದು ಒಳಗಿನವರು ನಕ್ಕರು. ಬಾಯಿ ಮಾತಿಗಲ್ಲದೆ ಮತ್ತೆ ಯಾವುದಕ್ಕೆ ಬಂತು ಅನ್ನುತ್ತಾರೆ ಎಂದು ಕೇರಿಯವರಿಗೆ ಅರ್ಥವಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಗು ಕಡಿಮೆಯಾಯಿತು. ಅತಿಥಿಗಳು ಗೆಸ್ಟ್ ಹೌಸಿನಲ್ಲೇ ಇದ್ದರು, ಅವರಿಗೆ ಇನ್ನೂ ವಿಚಾರ ಸಂಕಿರಣವಿತ್ತು. ಬಯಲುಸೀಮೆಯ ಸಾರು ಅವರ ಹೊಟ್ಟೆಗೆ ಹೊಸದು. ಹದಿನಾರು ಕಕ್ಕಸೂ ಕೆಲಸ ಮಾಡಿದವು. ತೊಳೆಯುವವರು ಇರಲಿಲ್ಲ.

ಮರುಳಪ್ಪ ಬಿ.ಜಿ. ಕೆರೆಗೆ ಫೋನು ಮಾಡಿದ, ಪರಶುರಾಂಪುರಕ್ಕೆ ಮಾಡಿದ. ಎರಡು ಪಟ್ಟು ಕೂಲಿ ಎಂದ. ಯಾವ ಕಾಂಪೌಂಡು ಎಂದು ಅವರು ಕೇಳಿದರು. ಮುದ್ದಕ್ಕ ಕೂತಿರೋ ಗೇಟಾ ಎಂದು ಕೇಳಿದರು. ಆ ಊರುಗಳಲ್ಲಿ ಅವಳು ಕೂಗದ ಮದುವೆ ಇರಲಿಲ್ಲ. ಯಾರೂ ಬರಲಿಲ್ಲ. ಸಂಜೆಗೆ ಬಿ.ಜಿ. ಕೆರೆಯಿಂದ ಒಂದು ಟ್ರ್ಯಾಕ್ಟರ್ ಬಂತು. ಕಕ್ಕಸಿಗಲ್ಲ, ಚಾಪೆಗೆ. ಟ್ರ್ಯಾಕ್ಟರಿನ ತುಂಬ ಹೆಂಗಸರು, ಒಂದು ಗುಡಾಣ ಅಂಬಲಿ. ಮುದ್ದಕ್ಕನ ಹೆಸರನ್ನು ಎಷ್ಟು ಜನ ಹೇಳುತ್ತಾರೆಂದು ಯಾರೂ ಲೆಕ್ಕ ಇಟ್ಟಿರಲಿಲ್ಲ. ಹೇಳಿದವರು ಬಂದಿದ್ದರು.

ಮೂರನೆಯ ದಿನ ಗಾಳಿ ತಿರುಗಿತು. ವಾಸನೆ ಸಂಕಿರಣದ ಹಾಲಿಗೆ ಬಂತು. ಪರದೆಯ ಮೇಲೆ ಡಾಕ್ಟರ ಅಂಕಿಗಳು ಏರುತ್ತಿದ್ದವು, ಕೂತವರು ಕರವಸ್ತ್ರ ಹಿಡಿದು ನೋಡುತ್ತಿದ್ದರು. ಹಾಡನ್ನು ಫೋನಿನಲ್ಲಿ ಹಿಡಿದುಕೊಂಡಿದ್ದ ಅತಿಥಿ ಗೇಟಿಗೆ ಬಂದು, ಇವರು ಇನ್ನೂ ಕೃತಜ್ಞತೆ ಹೇಳುತ್ತಿದ್ದಾರೆಯೇ ಎಂದು ಕೇಳಿದಳು. ಕೆಲಸ ಕಳೆದುಕೊಂಡು ಚಾಪೆಯ ಅಂಚಿನಲ್ಲಿ ಕೂತಿದ್ದ ಪ್ರಭು ಎದ್ದು ನಿಂತ. ಸಂಜೆ ಕಾಲೇಜಿನ ಇಂಗ್ಲಿಷ್. ಕ್ರಿಯಾಪದ ತಪ್ಪಿತೇನೋ ಎಂದು ಅಳುಕುತ್ತಲೇ ಮೊದಲಿನಿಂದ ಕೊನೆಯವರೆಗೆ ಹೇಳಿದ. ಅವಳು ಮುದ್ದಕ್ಕನ ಗದ್ದ ನೋಡಿದಳು. ಮೂರು ಚುಕ್ಕಿ ನೋಡಿದಳು. ನೇರ ಒಳಗೆ ಹೋದಳು. ಒಳಗೆ ಏನಾಯಿತೋ ಹೊರಗಿದ್ದವರಿಗೆ ತಿಳಿಯದು.

ಸ್ವಲ್ಪ ಹೊತ್ತಿಗೆ ಡಾಕ್ಟರ್ ವಿಶ್ವಂಭರ ಹೊರಗೆ ಬಂದರು. ಬೆಂಗಳೂರಿಗೆ ಫೋನು ಮಾಡಿದ್ದೇನೆ, ಹಾಸಿಗೆ ಸಿಕ್ಕಿದೆ, ಆಂಬುಲೆನ್ಸ್ ದಾರಿಯಲ್ಲಿದೆ ಎಂದು ನಿಂತಲ್ಲಿಂದಲೇ ಹೇಳಿದರು. ಹೆಂಗಸರು ಏಳಲಿಲ್ಲ. ನಾವೇ ಬಂದು ಹೇಳುತ್ತೇವೆ ಅಂದಿದ್ದಿರಿ, ನೋಡಿ ಹೇಳಿ ಎಂದಳು ಗೀತಮ್ಮ.

ಡಾಕ್ಟರು ಆ ಕಡೆ ಈ ಕಡೆ ನೋಡಿದರು. ಕುರ್ಚಿ ಇರಲಿಲ್ಲ. ಪ್ಯಾಂಟು ಎತ್ತಿಕೊಂಡು ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತರು. ಹಾಗೆ ಕೂತು ಅಭ್ಯಾಸವಿಲ್ಲದವರು, ಒಂದು ಕೈ ನೆಲಕ್ಕೆ ಊರಬೇಕಾಯಿತು. ಜೇಬಿನಿಂದ ಬ್ಯಾಟರಿ ತೆಗೆದರು. ಮುದ್ದಕ್ಕ ಎರಡು ಬೆರಳಿನಷ್ಟು ತೆರೆದಳು. ಈ ಸಲ ಅವರು ಮುಖ ತಿರುಗಿಸಲಿಲ್ಲ. ಬಹಳ ಹೊತ್ತು ನೋಡಿದರು. ಬ್ಯಾಟರಿ ಆರಿಸಿದರು.

“ತಡ ಆಗಿದೆ” ಎಂದರು.

ಮುದ್ದಕ್ಕ ತುಟಿ ಒರೆಸಿಕೊಂಡಳು. ಮಾತು ಹೊರಗೆ ಬರಲು ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

“ಯಾರಿಂದ?”

ಡಾಕ್ಟರು ಏಳಲು ಹೋದರು. ಕಾಲು ಜೋಮು ಹಿಡಿದಿತ್ತು. ಗೀತಮ್ಮ ಅವರ ಪಕ್ಕದಲ್ಲಿ ನಿಂತಳು, ಕೂಗುವವರು ನಿಲ್ಲುವ ಜಾಗದಲ್ಲಿ. ಅಕ್ಕ ಕೇಳಿದ್ದನ್ನು ಅವಳು ಮತ್ತೆ ಕೇಳಲಿಲ್ಲ. ಕೂಗಿದ ಮೇಲೆ ಕಾಯುವುದೇ ಪದ್ಧತಿ. ಆಂಬುಲೆನ್ಸ್ ಇನ್ನೂ ಹಿರಿಯೂರಿನ ಆಚೆ ಇತ್ತು. ಹೆಂಗಸರು ಸುತ್ತ ಕೂತಿದ್ದರು, ಒಬ್ಬರೂ ಅಲುಗಲಿಲ್ಲ.

ಡಾಕ್ಟರ ಹೆಸರನ್ನು ಲೋಕ ಹತ್ತು ಸಾವಿರ ಸಲ ಹೇಳಿತ್ತು. ಈಗ ಒಂದು ಸಲ ಅದನ್ನು ಅವರೇ ಹೇಳಬೇಕಿತ್ತು.